ಹಳೇ ಜಾವ ತಗೊಳೋ ಮುಂಚೆ ಎಂಜಿನ್ ಅದೇ ಗಾಡೀದಾ ಅಂತ ಕಂಡುಹಿಡಿಯೋದು ಹೆಂಗೆ

ಮೈಸೂರಿನೋರಿಗೆ ಜಾವ, ಯೆಜ್ಡಿ ಬೈಕ್ ಬಗ್ಗೆ ಹೇಳೋದೇ ಬೇಡ. ಯಾದವಗಿರಿ ಫ್ಯಾಕ್ಟರೀಲಿ 1961ರಲ್ಲಿ ಜಾವ ಅಂತ ಶುರುವಾಗಿ, 1973ರಿಂದ ಯೆಜ್ಡಿ ಅಂತ ಹೆಸರು ಬದಲಾಗಿ, 1996ಕ್ಕೆ ಬಾಗಿಲು ಹಾಕಿದ್ದು. ಈಗ ಆ ಗಾಡಿಗಳಿಗೆ ರೇಟು ಏರಿದೆ, ಮಾರೋರೆಲ್ಲ ಒಂದೇ ಮಾತು ಹೇಳ್ತಾರೆ, ನಂಬರ್ ಮ್ಯಾಚಿಂಗ್, ಎಲ್ಲಾ ಒರಿಜಿನಲ್ ಅಂತ. ಆ ಮಾತು ನಿಜಾನಾ ಅಂತ ನೀವೇ ನೋಡ್ಕೋಬಹುದು, ಅದಕ್ಕೆ ಬೇಕಾಗಿರೋದು ಒಂದು ಟಾರ್ಚು, ಸ್ವಲ್ಪ ಸೀಮೆಎಣ್ಣೆ, ಹಳೇ ಟೂತ್‌ಬ್ರಶ್, ಪೆನ್ಸಿಲ್, ತೆಳು ಹಾಳೆ, ಮತ್ತೆ ಅರ್ಧ ಗಂಟೆ ತಾಳ್ಮೆ.

ಮೊದಲು ಮ್ಯಾಚಿಂಗ್ ಅಂದ್ರೆ ಏನು ಅಂತ ತಿಳ್ಕೊಳಿ. ಜೆಕ್ ದೇಶದ ಮೂಲ ಜಾವಗಳಲ್ಲಿ ಫ್ರೇಮಿಗೂ ಎಂಜಿನ್ನಿಗೂ ಒಂದೇ ನಂಬರ್ ಹೊಡೆದು ಫ್ಯಾಕ್ಟರಿಯಿಂದ ಕಳಿಸ್ತಿದ್ರು, ನಮ್ಮ ಯಾದವಗಿರಿ ಗಾಡಿಗಳಲ್ಲೂ ಸಾಮಾನ್ಯವಾಗಿ ಹಂಗೇ. ಆದ್ರೆ ಅಂಬಾಸಿಡರ್, ಫಿಯಟ್, ಜೀಪು ನೋಡೋಕೆ ಹೋದ್ರೆ ಈ ಲೆಕ್ಕ ಹಿಡೀಬೇಡಿ, ಅವುಗಳಲ್ಲಿ ಚಾಸಿ ನಂಬರೇ ಬೇರೆ ಎಂಜಿನ್ ನಂಬರೇ ಬೇರೆ, ಅಲ್ಲಿ ಮ್ಯಾಚಿಂಗ್ ಅಂದ್ರೆ ಎಂಜಿನ್ ಮೇಲಿರೋದು ಮೊದಲ ಸಲ ರಿಜಿಸ್ಟರ್ ಆದಾಗ ಬರೆದ ನಂಬರಿಗೆ ಸರಿಹೋಗ್ಬೇಕು ಅಷ್ಟೇ. ನಮ್ಮ ಮಂಡ್ಯ ಕಡೆ ಹಳ್ಳಿಗಳಲ್ಲಿ ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕೂರಿಸಿರೋದು ಎಷ್ಟೋ ಇದೆ, ಅದು ಬಾನೆಟ್ ಎತ್ತಿದ ತಕ್ಷಣ ಗೊತ್ತಾಗತ್ತೆ.

ಈಗ ಗಾಡಿ ಹತ್ರ ಬನ್ನಿ. ಚಾಸಿ ನಂಬರು ಹ್ಯಾಂಡಲ್ ಕೆಳಗಡೆ ಫ್ರೇಮಿನ ತಲೆ ಭಾಗದಲ್ಲಿರತ್ತೆ, ಎಂಜಿನ್ ನಂಬರು ಕ್ರ್ಯಾಂಕ್‌ಕೇಸ್ ಮೇಲೆ, ಅಂದ್ರೆ ಎಂಜಿನ್ನಿನ ಕೆಳಭಾಗದ ಲೋಹದ ಪೆಟ್ಟಿಗೆ ಮೇಲೆ. ಎಂಜಿನ್ ಹತ್ರ ಐವತ್ತು ವರ್ಷದ ಜಿಡ್ಡು ಕೂತಿರತ್ತೆ, ಸೀಮೆಎಣ್ಣೆ ಹಾಕಿ ಹತ್ತು ನಿಮಿಷ ಬಿಟ್ಟು ಟೂತ್‌ಬ್ರಶ್ಶಲ್ಲಿ ಮೆತ್ತಗೆ ಉಜ್ಜಿ. ದಯವಿಟ್ಟು ವೈರ್ ಬ್ರಶ್, ಉಪ್ಪುಕಾಗದ ಹಾಕ್ಬೇಡಿ, ಅದು ಅಲ್ಯೂಮಿನಿಯಂ, ಒಂದು ಸಲ ಉಜ್ಜಿದ್ರೆ ಮೇಲಿನ ಪದರ ಹೋಗಿ ಒಳ್ಳೇ ಎಂಜಿನ್ ಕೂಡ ಅನುಮಾನದ ಎಂಜಿನ್ ಆಗ್ಬಿಡತ್ತೆ. ಆಮೇಲೆ ಟಾರ್ಚನ್ನ ನೇರ ಬಿಡದೆ ಪಕ್ಕದಿಂದ ಓರೆಯಾಗಿ ಹಿಡೀರಿ, ಅಕ್ಷರದ ಅಂಚಿನ ನೆರಳು ಎದ್ದು ಕಾಣತ್ತೆ, ಫೋಟೋ ತೆಗೀರಿ. ಅದಾದ್ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೀರಿ, ಚಾಸಿ ಪ್ರಿಂಟ್ ಕೊಡಿ ಅಂತ ಕೇಳಿದಾಗ ತೆಗೆದುಕೊಡ್ತೀವಲ್ಲ, ಅದೇ ಥರ. ಕಣ್ಣಿಗೆ ಕಾಣದೇ ಇರೋದು ಎಷ್ಟೋ ಸಲ ಪೆನ್ಸಿಲ್ಲಿಗೆ ಸಿಗತ್ತೆ.

ಒಂದ್ಸಲ ಪಾಂಡವಪುರದ ಹತ್ರ ಆಲೆಮನೆ ಶೆಡ್ಡಲ್ಲಿ ಒಂದು ಜಾವ ಇದೆ ಅಂತ ಹೋಗಿದ್ದೆ. ಟಾರ್ಪಾಲ್ ಎತ್ತಿದ್ರೆ ಟ್ಯಾಂಕಿನ ಮೇಲೆಲ್ಲ ಕಬ್ಬಿನ ಸಿಪ್ಪೆ ಧೂಳು, ಆದ್ರೆ ಗಾಡಿ ಲಕ್ಷಣವಾಗಿತ್ತು, ಎರಡೂ ನಂಬರ್ ಒಂದೇ, ಆರ್‌ಸಿಲೂ ಅದೇ ನಂಬರ್. ನಂಗೆ ಆಗ್ಲೇ ಮನಸ್ಸು ಆಗಿಹೋಗಿತ್ತು. ಪ್ರಿಂಟ್ ತೆಗೆದು ಬಾಗಿಲ ಬೆಳಕಿಗೆ ಹಿಡಿದಾಗ ಎಂಜಿನ್ ನಂಬರಿನ ಒಂದು 8 ಮಾತ್ರ ಸರಿಯಿಲ್ಲ, ಬಲಗಡೆಯ ಎರಡು ಬಳುಕು ನುಣ್ಣಗೆ ಒಂದೇ ಆಳ, ಎಡಗಡೆ ಗೆರೆ ಮೊನಚಾಗಿ ಜಾಸ್ತಿ ಆಳಕ್ಕೆ ಹೋಗಿದೆ, ಅಂದ್ರೆ ಮೊದಲು ಅದು 3, ಯಾರೋ ಆಮೇಲೆ 8 ಮಾಡಿದಾರೆ. ಯಜಮಾನರಿಗೆ ತೋರಿಸ್ದೆ, ಅವರು ಹಾಳೇನ ತುಂಬಾ ಹೊತ್ತು ನೋಡಿ "ನಾನ್ ತಗೊಂಡಾಗ್ಲೇ ಹಿಂಗೇ ಇತ್ತು ಕಣ್ ಸಾ" ಅಂದ್ರು. ಅವರ ಮಾತು ನಾನು ನಂಬಿದೆ, ಗಾಡಿ ಮಾತ್ರ ತಗೊಳಿಲ್ಲ.

ಹಂಗಾಗಿ ನಂಬರ್ ಒಂದೇ ಇದ್ಯಾ ಅನ್ನೋದಕ್ಕಿಂತ ನಂಬರ್ ಹೆಂಗೆ ಕೂತಿದೆ ಅಂತ ನೋಡಿ. ಅಕ್ಷರಗಳ ಅಳತೆ, ಆಳ, ನಡುವಿನ ಜಾಗ ಹೊಂದ್ತಾ ಇದ್ಯಾ, ಸುತ್ತ ಲೋಹ ಎರಕದ ಒರಟು ಹಂಗೇ ಇದ್ಯಾ ಇಲ್ಲಾ ನಂಬರ್ ಇರೋ ಕಡೆ ಮಾತ್ರ ನುಣ್ಣಗೆ, ಸ್ವಲ್ಪ ತಗ್ಗಾಗಿದ್ಯಾ. ತಗ್ಗಾಗಿದ್ರೆ ಅರ ಹಾಕಿ ಉಜ್ಜಿದಾರೆ ಅಂತ ಅನುಮಾನ ಪಡಿ. ಪರಿಚಯದೋರ ಹತ್ರ ಅದೇ ವರ್ಷದ ನಂಬಿಕಸ್ತ ಗಾಡಿ ಇದ್ರೆ ಅದರ ಪ್ರಿಂಟ್ ಪಕ್ಕದಲ್ಲಿಟ್ಟು ನೋಡಿ, ಇದಕ್ಕಿಂತ ಒಳ್ಳೇ ದಾರಿ ನಂಗೆ ಗೊತ್ತಿಲ್ಲ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವ ದಿನಕ್ಕೆ ಸೇರೋರನ್ನ ಕೇಳಿದ್ರೆ ಖುಷಿಯಾಗಿ ತೋರಿಸ್ತಾರೆ.

ಇನ್ನೊಂದು, ಕ್ರ್ಯಾಂಕ್‌ಕೇಸ್ ಎರಡು ಹೋಳು, ನಂಬರ್ ಇರೋದು ಒಂದರ ಮೇಲೆ ಮಾತ್ರ. ಚೈನ್ ತುಂಡಾಗಿ ಒಂದು ಹೋಳು ಒಡೆದಾಗ ಬೇರೆ ಎಂಜಿನ್ನಿನ ಹೋಳು ಸೇರಿಸಿರ್ತಾರೆ, ಜಾಯಿಂಟ್ ಗೆರೆ ಹತ್ರ ಎರಡರ ಬಣ್ಣ, ಒರಟು ಬೇರೆ ಕಂಡ್ರೆ ಕೇಳಿ. ಸೈಡ್ ಕವರ್ ಮೇಲೆ ಜಾವ ಅಂತ ಇದೆ ಅಂತ ಮಾತ್ರ ನಂಬಬೇಡಿ, ಕವರ್ ಬಿಚ್ಚಿ ಬೇರೆ ಹಾಕೋದು ಐದು ನಿಮಿಷದ ಕೆಲಸ. ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್ ಬಂದಿದ್ದೇ 1978ರಲ್ಲಿ, 1966ರ ಗಾಡೀಲಿ ರೋಡ್‌ಕಿಂಗ್ ಎಂಜಿನ್ ಕೂತಿದ್ರೆ ನಂಬರ್ ಓದೋ ಅಗತ್ಯನೇ ಇಲ್ಲ.

ಕಾಗದದ ಕಡೆ ಬಂದ್ರೆ ಆರ್‌ಸಿ ಒಂದನ್ನೇ ನೋಡಿ ಸುಮ್ನಾಗ್ಬೇಡಿ, ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದ್ರೆ ಅವರ ದಾಖಲೇಲಿರೋ ಗಾಡಿ ವಿವರದ ನಕಲು ತೆಗೆಸಿ. ಎಂಜಿನ್ ಬದಲಾಯಿಸಿ ಕಾನೂನು ಪ್ರಕಾರ ಎಂಟ್ರಿ ಮಾಡ್ಸಿದ್ರೆ ಅದು ದಾಖಲೇಲಿ ಇರಬೇಕು. ಹಳೇ ಪುಸ್ತಕದ ಆರ್‌ಸಿ, ಹಳೇ ಇನ್ಶೂರೆನ್ಸ್ ಪೇಪರ್ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಕೈಬರಹದಿಂದ ಕಂಪ್ಯೂಟರಿಗೆ ಹಾಕುವಾಗ 1 ಹೋಗಿ 7, ಸೊನ್ನೆ ಹೋಗಿ ಓ ಆಗಿರೋದು ಉಂಟು, ಅದು ಮೋಸ ಅಲ್ಲ, ಬರಿ ತಪ್ಪು, ತಗೊಳೋ ಮುಂಚೆ ಈಗಿನ ಮಾಲೀಕರ ಕೈಲೇ ಸರಿ ಮಾಡಿಸ್ಕೊಳಿ.

ಇದೆಲ್ಲ ಈಗ ಯಾಕೆ ಮುಖ್ಯ ಅಂದ್ರೆ 2021ರಲ್ಲಿ ಬಂದ ವಿಂಟೇಜ್ ನಿಯಮ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರೋ, ಮೂಲ ರೂಪದಲ್ಲೇ ಇರೋ ಗಾಡಿಗೆ ವಿಎ ಅಕ್ಷರ ಇರೋ ನಂಬರ್ ಕೊಡ್ತಾರೆ, ಹೊಸ ರಿಜಿಸ್ಟ್ರೇಷನ್ನಿಗೆ ಫೀಸು 20,000 ರೂಪಾಯಿ, 10 ವರ್ಷಕ್ಕೆ. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಅಂತ ನಿಯಮದಲ್ಲೇ ಇದೆ.

ನಂಬರ್ ಹೊಂದದೇ ಇದ್ರೆ ಗಾಡಿ ಕೆಟ್ಟದ್ದು ಅಂತ ಅಲ್ಲ. ಇವೆಲ್ಲ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸೋ ಟೂ ಸ್ಟ್ರೋಕ್, ಆಯಿಲ್ ಕಮ್ಮಿಯಾಗಿ ಎಂಜಿನ್ ಸೀಜ್ ಆಗಿ ಕಚ್ಕೊಂಡು ನಿಂತಾಗ ಬೆಳಗಾದ್ರೆ ಹಾಲು ಹಾಕೋಕೆ ಹೋಗ್ಬೇಕಾದೋರು ಸಿಕ್ಕಿದ ಎಂಜಿನ್ ಹಾಕಿ ಓಡಿಸಿದಾರೆ, ಅದರಲ್ಲಿ ತಪ್ಪೇನಿಲ್ಲ. ಹಂಗಿದ್ರೆ ಆ ರೇಟಿಗೆ ಮಾತಾಡಿ, ಆರ್‌ಟಿಓದಲ್ಲಿ ಎಂಟ್ರಿ ಮಾಡ್ಸಿ, ಓಡಿಸಿ. ಆದ್ರೆ ಯಾರಾದ್ರೂ "ನಂಬರ್ ಪಂಚ್ ಮಾಡ್ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂದ್ರೆ ಅಲ್ಲಿಂದ ಎದ್ದು ಬನ್ನಿ, ಅದು ಅಪರಾಧ, ಜೊತೆಗೆ ಆ ಎಂಜಿನ್ ಯಾವ ಗಾಡೀದು ಅಂತ ತಿಳಿಯೋಕೆ ಇದ್ದ ಒಂದೇ ಗುರುತೂ ಅಳಿಸಿಹೋಗತ್ತೆ.

ತಗೊಂಡ್ಮೇಲೆ ಆ ಎರಡು ಪೆನ್ಸಿಲ್ ಪ್ರಿಂಟಿನ ಹಿಂದೆ ತಾರೀಖು ಬರೆದು ಆರ್‌ಸಿ ಜೊತೆ ಪ್ಲಾಸ್ಟಿಕ್ ಕವರಲ್ಲಿ ಇಟ್ಬಿಡಿ, ಮುಂದೆ ಎಂಜಿನ್ ಬಿಚ್ಚೋಕೆ ಕೊಟ್ಟಾಗ ವಾಪಸ್ ಬಂದಿದ್ದು ಅದೇನಾ ಅಂತ ನೋಡೋಕೆ ಬೇಕಾಗತ್ತೆ.