ಅರ್ಜಿ ಹಾಕಿದ್ದೀವಿ ಅಂತ ನಿಶ್ಚಿಂತೆಯಾಗಿ ಇರಬೇಡಿ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

"ಗ್ರೀನ್ ಕಾರ್ಡ್‌ಗೆ ಹಾಕಿ ಆಯ್ತಲ್ಲ, ಇನ್ನೇನು ಭಯ?" ಕನ್ನಡ ಕೂಟದ ಊಟದ ಸಾಲಿನಲ್ಲಿ ಈ ಮಾತು ಆಗಾಗ ಕೇಳುತ್ತದೆ. ಆದರೆ 2025ರಲ್ಲಿ ಇಮಿಗ್ರೇಷನ್ ಕೋರ್ಟಿಗೆ ಹಾಜರಾಗಲು ಬಂದವರನ್ನೇ ಕಾರಿಡಾರಿನಲ್ಲಿ ಹಿಡಿದರು. ಸ್ಯಾನ್ ಡಿಯಾಗೋದಲ್ಲಿ ಅಮೆರಿಕದ ಪ್ರಜೆಗಳನ್ನು ಮದುವೆಯಾದ ಕೆಲವರನ್ನು ಗ್ರೀನ್ ಕಾರ್ಡ್ ಇಂಟರ್‌ವ್ಯೂನಲ್ಲೇ ಬಂಧಿಸಿದರು. ಇಲ್ಲಿ ಇರಲು ಕೊಟ್ಟ ಅವಧಿ ಮುಗಿದಿತ್ತು, ಅಷ್ಟೇ ಕಾರಣ. ಅರ್ಜಿ ಪೆಂಡಿಂಗ್ ಇರುವುದು ಬೇರೆ, ಸ್ಟೇಟಸ್, ಅಂದರೆ ಇಲ್ಲಿ ಇರಲು ಕಾನೂನಿನ ಅನುಮತಿ, ಇರುವುದು ಬೇರೆ.

ನಮ್ಮವರು ಹೆಚ್ಚಾಗಿ ಎಡವುವುದು ಐ-94ನಲ್ಲಿ, ಅಂದರೆ ದೇಶದೊಳಗೆ ಬಂದಾಗ ಕೊಡುವ ಪ್ರವೇಶ ದಾಖಲೆಯಲ್ಲಿ. ಇಲ್ಲಿ ಯಾವತ್ತಿನವರೆಗೆ ಇರಬಹುದು ಅಂತ ಹೇಳುವುದು ಅದು, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಅಲ್ಲ. ಮಕ್ಕಳ ಭಾರತೀಯ ಪಾಸ್‌ಪೋರ್ಟಿಗೆ ಐದೇ ವರ್ಷ ಆಯಸ್ಸು. ಅದು ಬೇಗ ಮುಗಿಯುವಂತಿದ್ದರೆ ಏರ್‌ಪೋರ್ಟಿನಲ್ಲಿ ಐ-94 ಕೂಡ ಅದೇ ತಾರೀಕಿಗೆ ನಿಲ್ಲಿಸಿಬಿಡಬಹುದು. ಅಪ್ಪನದು 2028ರವರೆಗೆ ಇರುತ್ತದೆ, ಮಗಳದು 2026ಕ್ಕೇ ಮುಗಿದಿರುತ್ತದೆ. ಪಾಸ್‌ಪೋರ್ಟ್ ನವೀಕರಿಸಿದರೆ ಐ-94 ತಾನಾಗಿ ಬೆಳೆಯುವುದಿಲ್ಲ. ಊರಿಂದ ವಾಪಸ್ ಬಂದಾಗಲೆಲ್ಲ ಸಿಬಿಪಿ (ಕಸ್ಟಮ್ಸ್ ಮತ್ತು ಗಡಿ ಇಲಾಖೆ) ವೆಬ್‌ಸೈಟಿನಲ್ಲಿ ಮನೆಯ ಒಬ್ಬೊಬ್ಬರದನ್ನೂ ತೆಗೆದು ನೋಡಿ. ಇಲ್ಲೇ ಎಕ್ಸ್‌ಟೆನ್ಷನ್ ಸಿಕ್ಕಿದ್ದರೆ ಹೊಸ ಐ-94, ಮಂಜೂರಾತಿ ಪತ್ರವಾದ ಐ-797ರ ಕೆಳಭಾಗದಲ್ಲಿರುತ್ತದೆ.

ಎಚ್-1ಬಿ (ಉದ್ಯೋಗ ವೀಸಾ) ಕೆಲಸ ಹೋದರೆ ಇಲ್ಲಿ ಇರಬಹುದಾದದ್ದು ಹೆಚ್ಚೆಂದರೆ 60 ದಿನ, ಐ-94 ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರ್ಮ್ ತುಂಬಬೇಕು. ಗಂಡ ತುಂಬಿದರೆ ಸಾಲದು, ಪ್ರತಿಯೊಬ್ಬರದೂ ಬೇಕು. 18 ತುಂಬಿದವರು ಐ-94 ಅಥವಾ ಗ್ರೀನ್ ಕಾರ್ಡ್ ಜೊತೆಯಲ್ಲೇ ಇಟ್ಟುಕೊಳ್ಳಬೇಕು ಅನ್ನುವುದು ಕಾನೂನು. ವಾಕಿಂಗ್ ಹೋಗುವ ಅತ್ತೆ-ಮಾವನಿಗೂ ಹೇಳಿ, ಅವರು ಬರೀ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ ಅಲ್ವಾ?

ಐಸ್ (ವಲಸೆ ಕಾನೂನು ಜಾರಿ ಇಲಾಖೆ) ಅಧಿಕಾರಿಗಳು ಬಾಗಿಲು ತಟ್ಟಿದರೆ, ಜಡ್ಜ್ ಸಹಿ ಮಾಡಿದ ವಾರಂಟ್ ಇಲ್ಲದಿದ್ದರೆ ತೆರೆಯಬೇಕಾಗಿಲ್ಲ. ಸುಳ್ಳು ಹೇಳಬೇಡಿ, ಓಡಬೇಡಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಇಮಿಗ್ರೇಷನ್ ಕೇಸಿಗೆ ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಒಬ್ಬರನ್ನು ಈಗಲೇ ನೋಡಿಟ್ಟುಕೊಂಡು ನಂಬರ್ ಬಾಯಿಪಾಠ ಮಾಡಿ, ಒಳಗೆ ಹೋದ ಮೇಲೆ ಫೋನ್ ಕೈಯಲ್ಲಿರುವುದಿಲ್ಲ.

ಹಿಡಿದವರನ್ನು ಐಸ್‌ನ ಆನ್‌ಲೈನ್ ಲೊಕೇಟರ್‌ನಲ್ಲಿ ಹುಡುಕಬಹುದು. ಇಮಿಗ್ರೇಷನ್ ಇಲಾಖೆ ಕೊಡುವ 9 ಅಂಕಿಯ ಎ-ನಂಬರ್ ಇದ್ದರೆ ಸುಲಭ. ಇಲ್ಲದಿದ್ದರೆ ಹೆಸರು ಒಂದಕ್ಷರವೂ ತಪ್ಪದೆ ಹೊಂದಬೇಕು. ಸರ್‌ನೇಮ್ ಖಾಲಿ ಇರುವ ನಮ್ಮ ಪಾಸ್‌ಪೋರ್ಟುಗಳಿಗೆ ವೀಸಾದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಅಂತ ಸೇರಿರುತ್ತದೆ. ಹಾಗೆಯೂ ಹುಡುಕಿ ನೋಡಿ. ಬಂಧನದ ಸುದ್ದಿ ಭಾರತೀಯ ಕಾನ್ಸುಲೇಟಿಗೆ ತಾನಾಗಿ ಹೋಗುವುದಿಲ್ಲ, "ತಿಳಿಸಿ" ಅಂತ ಒಳಗಿದ್ದವರೇ ಕೇಳಬೇಕು. ಇದನ್ನು ಮನೆಯವರಿಗೆಲ್ಲ ಮೊದಲೇ ಹೇಳಿಡಿ.