ಜ್ವರ ಬಂದಾಗ ಕಷಾಯ ಎಷ್ಟು, ಕಾಯುವುದು ಎಲ್ಲಿಯವರೆಗೆ?

ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದು ಮತ್ತೆ ಬಿಸಿಲು ಬಿದ್ದರೆ ಸಾಕು, ವಿಜಯಪುರದ ಓಣಿ ಓಣಿಯಲ್ಲಿ ‘ಜ್ವರ ಬಂದಾವ್ರೀ’ ಎಂಬ ಮಾತು ಶುರುವಾಗುತ್ತದೆ. ಒಬ್ಬರ ಮನೆಯಲ್ಲಿ ತುಳಸಿ ಕಷಾಯ ಕುದಿಯುತ್ತಿರುತ್ತದೆ. ಪಕ್ಕದ ಮನೆಯವರು ಸೀದಾ ಹೋಗಿ ಸೂಜಿ ಮಾಡಿಸಿಕೊಂಡು, ಒಂದು ಸಲೈನ್ ಹಚ್ಚಿಸಿಕೊಂಡು ಬಂದಿರುತ್ತಾರೆ. ನಾಲ್ಕು ದಿನಕ್ಕೆ ಇಬ್ಬರಿಗೂ ಕಡಿಮೆಯಾಗುತ್ತದೆ. ಇಬ್ಬರೂ ತಮ್ಮ ಮದ್ದಿನಿಂದಲೇ ಆಯಿತು ಅನ್ನುತ್ತಾರೆ. ಹೆಚ್ಚಿನ ವೈರಲ್ ಜ್ವರ ತಾನಾಗಿಯೇ ಇಳಿಯುತ್ತದೆ ಎನ್ನುವುದು ನಿಜ. ಕಷ್ಟ ಇರುವುದು ಇಳಿಯದ ಜ್ವರದಲ್ಲಿ, ಮತ್ತು ಇಳಿದ ಹಾಗೆ ಕಂಡು ಮೋಸ ಮಾಡುವ ಜ್ವರದಲ್ಲಿ. ಅದನ್ನು ಗುರುತಿಸುವುದು ಹೇಗೆ, ಮನೆಮದ್ದಿನಿಂದ ಮೈಗೆ ಎಷ್ಟು ನೆರವು ಸಿಗುತ್ತದೆ ಎನ್ನುವುದನ್ನು ಒಂದೊಂದಾಗಿ ನೋಡೋಣ.

ಮೈ ಯಾಕೆ ಕಾಯುತ್ತದೆ?

ರೋಗಾಣು ಮೈ ಹೊಕ್ಕಾಗ ಅದರ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಮೆದುಳಿನ ತಳದಲ್ಲಿರುವ ಹೈಪೊಥಾಲಮಸ್ ಎಂಬ ಭಾಗಕ್ಕೆ ಆ ಸುದ್ದಿ ಮುಟ್ಟುತ್ತದೆ. ಮೈ ಬಿಸಿ ಎಷ್ಟಿರಬೇಕು ಎಂದು ನಿರ್ಧರಿಸುವುದು ಅದೇ. 98.6 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದನ್ನು ಅದು 102ಕ್ಕೆ ಏರಿಸಿತು ಅನ್ನಿ. ಆಗ ಮೈ 99 ಇದ್ದರೂ ಥಂಡಿ ಹತ್ತುತ್ತದೆ. ನಡುಕ ಬರುವುದು, ಕೌದಿ ಮೇಲೆ ಕೌದಿ ಬೇಕೆನಿಸುವುದು ಅದಕ್ಕೇ. ಮಟ್ಟ ಕೆಳಗೆ ಬಂದಾಗ ಬೆವರು ಕಿತ್ತುಕೊಂಡು ಬರುತ್ತದೆ.

ಈ ಬಿಸಿಯಲ್ಲಿ ರೋಗಾಣುಗಳ ಬೆಳವಣಿಗೆ ಕುಂಟುತ್ತದೆ, ರಕ್ಷಣಾ ಕಣಗಳ ಕೆಲಸ ಚುರುಕಾಗುತ್ತದೆ. ಹಾಗಾಗಿ ಜ್ವರವನ್ನು 98.6ಕ್ಕೆ ಇಳಿಸಲೇಬೇಕು ಎಂಬ ಹಟ ಬೇಡ. ರೋಗಿಗೆ ಸ್ವಲ್ಪ ಹಾಯೆನಿಸಬೇಕು, ನೀರು ಕುಡಿಯುವಷ್ಟು, ನಿದ್ದೆ ಮಾಡುವಷ್ಟು ಶಕ್ತಿ ಇರಬೇಕು. ನಮ್ಮ ಗುರಿ ಅಷ್ಟೇ.

ನಮ್ಮ ಕಡೆ ಒಂದು ಎಚ್ಚರಿಕೆ ಜಾಸ್ತಿ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೊಲದಲ್ಲಿ ದುಡಿದು ಬಂದವರ ಮೈ ಸುಡುತ್ತಿದ್ದು, ಮಾತು ತಡವರಿಸುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ಅದು ಬಿಸಿಲಿನ ಹೊಡೆತ, ಜ್ವರವಲ್ಲ. ಅಲ್ಲಿ ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ, ಕಷಾಯವೂ ಮಾಡುವುದಿಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿ.

ಮೊದಲು ಅಳೆಯಿರಿ, ಬರೆದಿಡಿ

ಹಣೆ ಮುಟ್ಟಿ ಜ್ವರ ಹೇಳುವ ಅಜ್ಜಿಯರ ಕೈ ಬಹಳ ಸಲ ಸರಿಯಾಗಿಯೇ ಇರುತ್ತದೆ. ಆದರೆ ನಿನ್ನೆಗೂ ಇವತ್ತಿಗೂ ಹೋಲಿಸಲು ಅಂಕಿ ಬೇಕು. ಒಂದು ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ಕಂಕುಳಿನ ಬೆವರು ಒರೆಸಿ, ತುದಿಯನ್ನು ಒಳಗೆ ಮಧ್ಯಕ್ಕೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿಯಿರಿ. ಬೀಪ್ ಬರುವ ತನಕ ತೆಗೆಯಬೇಡಿ. ಬಾಯಲ್ಲಿ ನೋಡುವುದಾದರೆ ಚಹಾ ಕುಡಿದು ಅರ್ಧ ತಾಸು ಆಗಿರಲಿ. 100.4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಕಂಕುಳಲ್ಲಿ ಬಾಯಿಗಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ನೀವೇ ಕೂಡಿಸಲು ಹೋಗಬೇಡಿ. ‘ಕಂಕುಳು, 101, ಸಂಜೆ 6’ ಎಂದು ಬರೆದಿಟ್ಟರೆ ಸಾಕು.

ಮಗನ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಾದರೂ ಸರಿ. ಜ್ವರ ಶುರುವಾದ ದಿನ, ವೇಳೆ, ಎಷ್ಟು ಡಿಗ್ರಿ, ಯಾವ ಗುಳಿಗೆ ಎಷ್ಟು ಹೊತ್ತಿಗೆ, ಎಷ್ಟು ಸಲ ಮೂತ್ರ ಹೋಯಿತು, ವಾಂತಿ ಆಯಿತಾ ಎಂದೆಲ್ಲ ಬರೆಯಿರಿ. ಜ್ವರದ ಮೊದಲ ದಿನ ಯಾವುದು ಎನ್ನುವುದು ವೈದ್ಯರಿಗೆ ಬಹಳ ಮುಖ್ಯ. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಉಪಯೋಗ. ಆಮೇಲೆ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ ನೋಡಬೇಕು. ವಿಷಮಶೀತ ಜ್ವರಕ್ಕೆ ಮಾಡಿಸುವ ವಿಡಾಲ್ ಪರೀಕ್ಷೆ ಮೊದಲ ವಾರದಲ್ಲಿ ಅಷ್ಟೊಂದು ನಂಬುವಂಥದ್ದಲ್ಲ. ಎರಡನೇ ದಿನಕ್ಕೇ ವಿಡಾಲ್ ಮಾಡಿಸಿ ‘ಟೈಫಾಯ್ಡ್ ಐತಿ’ ಎಂದು ಹೆದರುವವರು ನಮ್ಮಲ್ಲಿ ಬಹಳ ಇದ್ದಾರೆ.

ಮನೆಯಲ್ಲಿ ಕಾಯಲೇಬಾರದವರು

ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ, ರಾತ್ರಿಯಾಗಿದ್ದರೂ ಸರಿ. ಬಜೆ ತೇಯ್ದು ನೆಕ್ಕಿಸುವುದು, ಬರೆ ಹಾಕಿಸುವುದು ಯಾವುದೂ ಬೇಡ. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಮೊದಲ ದಿನವೇ ವೈದ್ಯರಿಗೆ ತೋರಿಸಲಿ. ಯಾರಿಗೇ ಆಗಲಿ ಉಸಿರಾಟ ಕಷ್ಟವಾದರೆ, ಕುತ್ತಿಗೆ ಬಿಗಿದುಕೊಂಡರೆ, ಮಾತು ಅಡ್ಡಾದಿಡ್ಡಿಯಾದರೆ, ಮೈಮೇಲೆ ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ ಬಂದರೆ ತಡ ಮಾಡಬೇಡಿ.

ಆರು ತಿಂಗಳಿಂದ ಐದು ವರ್ಷದ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ನೋಡಿದವರ ಜೀವ ಬಾಯಿಗೆ ಬರುತ್ತದೆ. ಮಗುವನ್ನು ಒಂದು ಮಗ್ಗುಲಾಗಿ ಮಲಗಿಸಿ. ಬಾಯಲ್ಲಿ ಚಮಚ ಇಡಬೇಡಿ, ನೀರು ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದರಿಂದ ಏನೂ ಆಗುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಅಷ್ಟರೊಳಗೆ ನಿಂತರೂ ಮೊದಲ ಸಲವಾದರೆ ಅವತ್ತೇ ವೈದ್ಯರಿಗೆ ತೋರಿಸಿ.

ನೀರೇ ಮೊದಲ ಮದ್ದು

ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮೈಗೆ ಬೇಕಾಗುವ ನೀರು ಶೇ 10ರಷ್ಟು ಹೆಚ್ಚುತ್ತದೆ. ಬೆವರು, ವಾಂತಿ ಸೇರಿದರೆ ಇನ್ನೂ ಹೆಚ್ಚು. ಬಾಯಿ ಕಹಿಯಾಗಿ ಏನೂ ಬೇಡ ಅನಿಸುವ ಹೊತ್ತು ಅದು. ಆದ್ದರಿಂದ ದೊಡ್ಡ ತಂಬಿಗೆ ಮುಂದಿಟ್ಟು ‘ಕುಡಿ’ ಅನ್ನಬೇಡಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕೊಡಿ. ಮಜ್ಜಿಗೆಗೆ ಉಪ್ಪು, ಹುರಿದ ಜೀರಿಗೆ ಪುಡಿ. ತೆಳ್ಳಗಿನ ಜೋಳದ ಅಂಬಲಿ. ಎಳನೀರು. ಇಂಡಿ ಲಿಂಬೆ ನಮ್ಮ ಜಿಲ್ಲೆಯದೇ ಅಲ್ವಾ, ಅದರ ರಸಕ್ಕೆ ಚಿಟಿಕೆ ಉಪ್ಪು, ಸಕ್ಕರೆ ಹಾಕಿ ಕೊಡಿ. ಓಆರ್‌ಎಸ್ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರ್‌ಗೆ, ಇಡೀ ಪೊಟ್ಟಣ ಹಾಕಬೇಕು. ಅರ್ಧ ಪುಡಿ, ಒಂದು ಲೋಟ ನೀರು ಎಂಬ ಅಂದಾಜು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. ಹೃದಯ, ಮೂತ್ರಪಿಂಡದ ರೋಗಿಗಳು ಮಾತ್ರ ಎಷ್ಟು ಕುಡಿಯಬೇಕು ಎಂದು ವೈದ್ಯರನ್ನೇ ಕೇಳಲಿ.

ಸಾಕಷ್ಟು ಹೋಗಿದೆಯೋ ಇಲ್ಲವೋ ಎಂದು ತಿಳಿಯುವುದು ಮೂತ್ರದಿಂದ. ತಿಳಿಹಳದಿ ಬಣ್ಣ, ನಾಲ್ಕರಿಂದ ಆರು ತಾಸಿಗೊಮ್ಮೆ ಆಗುತ್ತಿದ್ದರೆ ಒಳ್ಳೆಯದು. ಗಾಢ ಬಣ್ಣ, ಅರ್ಧ ದಿನ ಆದರೂ ಇಲ್ಲ ಎಂದರೆ ಆಸ್ಪತ್ರೆಗೆ ಹೋಗಿ. ಸಲೈನ್ ಬಗ್ಗೆಯೂ ಹೇಳಿಬಿಡುತ್ತೇನೆ. ಅರ್ಧ ಲೀಟರ್‌ನ ಒಂದು ಸಾಮಾನ್ಯ ಸಲೈನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಬಾಯಿಂದ ಕುಡಿಯಲು ಆಗದವರಿಗೆ ಅದು ಜೀವ ಉಳಿಸುತ್ತದೆ. ಕುಡಿಯಬಲ್ಲವರು ದುಡ್ಡು ಕೊಟ್ಟು ಚುಚ್ಚಿಸಿಕೊಳ್ಳುವ ಅಗತ್ಯವಿಲ್ಲ.

ಕಷಾಯ ಮಾಡುವ ಬಗೆ

ಒಬ್ಬರಿಗೆ ಒಂದು ದಿನಕ್ಕೆ ಇಷ್ಟು ಸಾಕು: ಮೂರು ಲೋಟ ನೀರು, ಎಂಟು ಹತ್ತು ತುಳಸಿ ಎಲೆ, ಒಂದು ಇಂಚು ಹಸಿಶುಂಠಿ, ನಾಲ್ಕು ಕಾಳುಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ. ಬೀಜ, ಮೆಣಸು, ಶುಂಠಿಯನ್ನು ತರಿತರಿಯಾಗಿ ಜಜ್ಜಿಕೊಳ್ಳಿ. ನುಣ್ಣಗೆ ಅರೆದರೆ ಖಾರ ಗಂಟಲು ಹಿಡಿಯುತ್ತದೆ. ನೀರು ಕುದಿ ಬಂದ ಮೇಲೆ ಜಜ್ಜಿದ್ದನ್ನು ಹಾಕಿ ಸಣ್ಣ ಉರಿಯಲ್ಲಿಡಿ. ಮೂರು ಲೋಟ ಎರಡಕ್ಕೆ ಇಳಿಯುವ ಹೊತ್ತಿಗೆ ಮನೆ ತುಂಬ ಘಮ ಬರುತ್ತದೆ. ಆಗ ಒಲೆ ಆರಿಸಿ, ತುಳಸಿ ಹಾಕಿ ಮುಚ್ಚಿಡಿ. ತುಳಸಿಯ ವಾಸನೆಯ ಎಣ್ಣೆ ಹೆಚ್ಚು ಕುದಿಸಿದರೆ ಹಾರಿಹೋಗುತ್ತದೆ. ಐದು ನಿಮಿಷದ ನಂತರ ಸೋಸಿ, ಬೇಕಾದರೆ ಒಂದು ಚೂರು ಬೆಲ್ಲ ಹಾಕಿ. ಮಹಾಲಿಂಗಪುರದ ಬೆಲ್ಲ ಸಿಕ್ಕರೆ ಸೊಗಸು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಬೇಡ. ಅರ್ಧರ್ಧ ಲೋಟ, ದಿನಕ್ಕೆ ಮೂರು ನಾಲ್ಕು ಸಲ, ಉಗುರು ಬೆಚ್ಚಗೆ, ಗುಟುಕು ಗುಟುಕಾಗಿ.

ಇದರಿಂದ ಗಂಟಲಿಗೆ ಹಿತ, ಕಟ್ಟಿದ ಮೂಗಿಗೆ ಹಗುರ, ಶುಂಠಿಯಿಂದ ಹೊಟ್ಟೆ ತೊಳಸುವುದು ಕಡಿಮೆ. ಎಲ್ಲಕ್ಕಿಂತ ದೊಡ್ಡ ಲಾಭ ಎಂದರೆ ಬರೀ ನೀರು ಬೇಡ ಎಂದವರೂ ಇದನ್ನು ಕುಡಿಯುತ್ತಾರೆ. ಆಯುರ್ವೇದದ ಷಡಂಗ ಪಾನೀಯವನ್ನು ನೋಡಿ. ಕೊನ್ನಾರಿಗಡ್ಡೆ, ಲಾವಂಚ, ಚಂದನ, ಶುಂಠಿ ಸೇರಿ ಆರು ಮೂಲಿಕೆ, ಆದರೆ ಪ್ರಮಾಣ ಕಡಿಮೆ, ನೀರು ಜಾಸ್ತಿ. ಜ್ವರದವರ ಬಾಯಾರಿಕೆ ಇಂಗಿಸಲೆಂದೇ ಮಾಡಿದ್ದು ಅದು. ಹೆಚ್ಚು ಗಟ್ಟಿಯಾದಷ್ಟು ಹೆಚ್ಚು ಗುಣ ಎಂದು ಲೋಟ ತುಂಬ ಮೆಣಸು ಕುದಿಸಿ ಕುಡಿದರೆ ಎದೆಯುರಿ ಗ್ಯಾರಂಟಿ.

ಒಂದು ವರ್ಷದೊಳಗಿನ ಮಗುವಿಗೆ ಕಷಾಯವೂ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ನರಗಳನ್ನು ಸೋಲಿಸಬಲ್ಲದು. ಎದೆಹಾಲು ಪದೇ ಪದೇ ಕೊಡಿ. ಸಣ್ಣ ಮಕ್ಕಳನ್ನು ಕುದಿನೀರಿನ ಪಾತ್ರೆ ಮುಂದೆ ಕೂರಿಸಿ ಹಬೆ ಕೊಡುವುದನ್ನೂ ಬಿಡಿ. ಪಾತ್ರೆ ಮಗುಚಿದರೆ ಜ್ವರಕ್ಕಿಂತ ದೊಡ್ಡ ಕಷ್ಟ.

ಅಮೃತಬಳ್ಳಿ, ಪಪ್ಪಾಯಿ ಎಲೆ

ಗಿಡಮೂಲಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಮರದ ತೊಗಟೆಯಿಂದ ಬಂದದ್ದು. ಅದೇ ರೋಗದ ಇನ್ನೊಂದು ಮದ್ದು ಆರ್ಟೆಮಿಸಿನಿನ್ ಕೂಡ ಗಿಡದ್ದೇ, ಅದನ್ನು ಕಂಡುಹಿಡಿದ ಚೀನಾದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ನಮ್ಮ ಬೆಳಗಾವಿಯಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ. ಆದರೆ ಗುಣ ಇರುವ ಗಿಡಕ್ಕೆ ಅಪಾಯವೂ ಇರುತ್ತದೆ, ಅದಕ್ಕೆ ಅಳತೆ ಬೇಕು.

ಬೇಲಿ ಮೇಲೆ, ಬೇವಿನ ಮರದ ಮೇಲೆ ಹಬ್ಬುವ ಅಮೃತಬಳ್ಳಿಯನ್ನು ಕೊರೊನಾ ಕಾಲದಲ್ಲಿ ಜನ ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅಂಥ ಕೆಲವರಿಗೆ ಯಕೃತ್ತಿನ ತೊಂದರೆಯಾದದ್ದನ್ನು ವರದಿ ಮಾಡಿದರು. ಅದರಂತೆಯೇ ಕಾಣುವ ಬೇರೆ ಬಳ್ಳಿ ಬೆರೆತಿರಬಹುದು ಎಂದು ಆಯುಷ್ ಸಚಿವಾಲಯ ವಾದಿಸಿತು. ಎರಡರಿಂದಲೂ ನಮಗೆ ಸಿಗುವ ಬುದ್ಧಿ ಒಂದೇ. ಗುರುತು ಖಚಿತವಿಲ್ಲದ ಬಳ್ಳಿ ಬೇಡ, ಆಯುರ್ವೇದ ವೈದ್ಯರನ್ನು ಕೇಳದೆ ಬೇಡ, ಕಾಮಾಲೆ ಇದ್ದವರಿಗೆ ಬೇಡ. ಬೇವಿನೆಣ್ಣೆಯನ್ನು ಮಕ್ಕಳಿಗೆ ಕುಡಿಸಲೇಬಾರದು.

ಡೆಂಗಿ ಎಂದ ಕೂಡಲೇ ಪಪ್ಪಾಯಿ ಎಲೆ ಹುಡುಕಿಕೊಂಡು ಓಡುತ್ತಾರೆ. ಪ್ಲೇಟ್‌ಲೆಟ್ ಏರಲು ಅದು ಸ್ವಲ್ಪ ನೆರವಾಗಬಹುದು ಎನ್ನುವ ಕೆಲವು ಸಣ್ಣ ಅಧ್ಯಯನಗಳಿವೆ. ಆದರೆ ಡೆಂಗಿ ವಾಸಿಯಾಗುವಾಗ ಪ್ಲೇಟ್‌ಲೆಟ್ ತಾನಾಗಿಯೂ ಏರುತ್ತದೆ. ಆ ಕಹಿರಸ ಕುಡಿದು ವಾಂತಿಯಾದರೆ ಒಳಗಿದ್ದ ನೀರೂ ಹೋಯಿತು. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯುವುದರಿಂದ.

ಗುಳಿಗೆಯ ಲೆಕ್ಕ

ಮೈಕೈ ನೋವು, ಸಂಕಟ ಇದ್ದರೆ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ನಡುವೆ ಆರು ತಾಸು ಅಂತರ. ನೆಗಡಿಯ ಗುಳಿಗೆಗಳಲ್ಲೂ ಬಹಳ ಸಲ ಇದೇ ಇರುತ್ತದೆ, ಎರಡನ್ನೂ ಸೇರಿಸಿ ನುಂಗಬೇಡಿ. ದಿನಾ ಕುಡಿಯುವವರು, ಯಕೃತ್ತಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿ.

ಮಕ್ಕಳಿಗೆ ತೂಕದ ಮೇಲೆ ಲೆಕ್ಕ: ಕಿಲೋಗೆ ಹೆಚ್ಚೆಂದರೆ 15 ಮಿಲಿಗ್ರಾಂ. ಅಂಗಡಿಯಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಸಿಗುತ್ತದೆ, 250 ಇರುವುದೂ ಸಿಗುತ್ತದೆ. 10 ಕಿಲೋ ಮಗುವಿಗೆ ಮೊದಲನೆಯದು 6 ಎಂಎಲ್, ಎರಡನೆಯದು 3 ಎಂಎಲ್. ಬಾಟಲಿ ಬದಲಾದದ್ದು ಗೊತ್ತಾಗದೆ ಹಳೆ ಅಳತೆಯಲ್ಲೇ ಕೊಟ್ಟರೆ ಡಬಲ್ ಆಗುತ್ತದೆ. ಲೇಬಲ್ ಓದಿ, ಸಿರಪ್ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ. ಮಕ್ಕಳಿಗೆ ಆಸ್ಪಿರಿನ್ ಬೇಡ. ಡೆಂಗಿಯ ಅನುಮಾನ ಇರುವ ತನಕ ಯಾರಿಗೂ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಮೈ ಒರೆಸುವುದಾದರೆ ಉಗುರು ಬೆಚ್ಚಗಿನ ನೀರಿನಲ್ಲಿ. ಐಸ್ ನೀರು ನಡುಕ ಹುಟ್ಟಿಸಿ ಬಿಸಿಯನ್ನು ಇನ್ನೂ ಏರಿಸುತ್ತದೆ.

ಜ್ವರ ಇಳಿದ ದಿನ ಕಣ್ಣಿಟ್ಟಿರಿ

ಮೂರನೇ ದಿನಕ್ಕೂ ಜ್ವರ ಇದ್ದರೆ ಮನೆಮದ್ದಿನ ಅವಧಿ ಮುಗಿಯಿತು, ವೈದ್ಯರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದು ಜ್ವರ ಇಳಿದಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ‘ಜ್ವರ ಬಿಟ್ಟಾವ, ಇನ್ನೇನು ಚಿಂತಿಲ್ಲ’ ಎಂದು ಮನೆಯವರು ಹೊಲಕ್ಕೆ, ಸಂತೆಗೆ ಹೋಗಿರುತ್ತಾರೆ. ಜ್ವರ ಇಳಿದ ಮೇಲಿನ ಎರಡು ದಿನ ಯಾರಾದರೂ ಜೊತೆಗಿರಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ಚಡಪಡಿಕೆ, ಇಲ್ಲವೇ ಎಬ್ಬಿಸಿದರೂ ಏಳದ ಮಂಪರು. ಇವುಗಳಲ್ಲಿ ಒಂದೇ ಕಂಡರೂ ಗಾಡಿ ಮಾಡಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಡಿ. ನೋಟ್‌ಬುಕ್ ಜೊತೆಗಿರಲಿ.

ಸುಧಾರಿಸಿಕೊಳ್ಳುವ ವಾರ

ಲಂಘನಂ ಪರಮೌಷಧಂ ಎಂದು ರೋಗಿಯನ್ನು ವಾರಗಟ್ಟಲೆ ಉಪವಾಸ ಕೆಡವಬೇಡಿ. ಹಸಿವಿಲ್ಲದ ಮೊದಲ ಒಂದೆರಡು ದಿನ ಗಂಜಿ, ಹೆಸರುಬೇಳೆ ಕಟ್ಟು ಸಾಕು. ಆಮೇಲೆ ಜೋಳದ ನುಚ್ಚು ಮಜ್ಜಿಗೆ, ಮೆತ್ತನೆಯ ಅನ್ನ ಸಾರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ. ಖಾರದ ಪಲ್ಯ, ಕಟಕ ರೊಟ್ಟಿ ಸ್ವಲ್ಪ ದಿನ ತಡೆಯಲಿ. ಸುಸ್ತು ಒಂದೆರಡು ವಾರ ಇರುವುದು ಸಹಜ. ಚಿಕುನ್‌ಗುನ್ಯಾ ಆಗಿದ್ದರೆ ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಹೇಳಿದಷ್ಟು ದಿನ ಮುಗಿಸಿ. ಜ್ವರ ಮತ್ತೆ ಬಂದರೆ ಹಳೆ ಚೀಟಿ ತೋರಿಸಿ ಅದೇ ಗುಳಿಗೆ ತರಬೇಡಿ, ಮತ್ತೆ ತೋರಿಸಿ.

ಮನೆಯಲ್ಲಿ ಒಬ್ಬರಿಗೆ ಡೆಂಗಿ ಆಗಿದ್ದರೆ ಉಳಿದವರನ್ನು ಕಾಯಬೇಕಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಗಟಾರದ ಕೊಳಕು ನೀರಿಗಿಂತ ನಾವು ಕುಡಿಯಲು, ಬಳಸಲು ತುಂಬಿಟ್ಟ ತಿಳಿನೀರನ್ನೇ ಇಷ್ಟಪಡುತ್ತದೆ, ಹಗಲು ಹೊತ್ತಿನಲ್ಲೇ ಕಚ್ಚುತ್ತದೆ. ನಲ್ಲಿ ನೀರು ದಿನಗಟ್ಟಲೆ ಬಾರದ ಓಣಿಗಳಲ್ಲಿ ಬ್ಯಾರಲ್, ಸಿಮೆಂಟ್ ತೊಟ್ಟಿ ತುಂಬಿಡದೆ ಗತಿಯಿಲ್ಲ, ಅದು ಜನರ ತಪ್ಪೂ ಅಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ, ಒಳಗಿನ ಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿ. ಮೊಟ್ಟೆಗಳು ನೀರಿನಂಚಿಗೆ ಅಂಟಿಕೊಂಡಿರುತ್ತವೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಒಂದು ಹೊತ್ತು ಬಿಸಿಲಿಗೆ ಒಣಗಿಸಿ ಮತ್ತೆ ತುಂಬಿ. ಬಾಯಿಗೆ ಹಳೆ ಸೀರೆ ಬಟ್ಟೆ ಬಿಗಿಯಾಗಿ ಕಟ್ಟಿ. ಜ್ವರ ಬಂದವರನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೇ ಮಲಗಿಸಿ.