ಹಿತ್ತಲ ಹೊಂಡದ ಮೀನುಗಳು ಒಮ್ಮೆಲೇ ಸತ್ತಾಗ ಕಾರಣವನ್ನು ಪತ್ತೆ ಹಚ್ಚುವ ಬಗೆ

ಬೆಳಗ್ಗೆ ಹಿತ್ತಲ ಬಾಗಿಲು ತೆರೆದಾಗ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುವುದನ್ನು ಕಂಡವರು ಸಂಕಟದಲ್ಲಿ ನೀರನ್ನೆಲ್ಲ ಹೊರಚೆಲ್ಲಿ ಹೊಂಡವನ್ನು ತಿಕ್ಕಿ ತೊಳೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರಣವನ್ನು ಹೇಳಬಲ್ಲ ಕುರುಹುಗಳೆಲ್ಲ ಆ ನೀರಿನಲ್ಲಿಯೇ ಇರುತ್ತವೆ. ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಮೀನುಗಳು ಚೆನ್ನಾಗಿದ್ದುದನ್ನು ಕೊನೆಯ ಬಾರಿ ಕಂಡದ್ದು ಯಾವಾಗ, ಸತ್ತವು ದೊಡ್ಡವೋ ಚಿಕ್ಕವೋ, ಇನ್ನೂ ಬದುಕಿರುವ ಜೀವಿಗಳು ಯಾವುವು, ಹಿಂದಿನ ಎರಡು ದಿನಗಳಲ್ಲಿ ಹಿತ್ತಲಿನಲ್ಲಿಯೂ ಪಕ್ಕದ ಹೊಲದಲ್ಲಿಯೂ ಏನೇನು ನಡೆಯಿತು.

ಇದ್ದಕ್ಕಿದ್ದಂತೆ ಆಗುವ ಸಾವುಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ನೀರಿನಲ್ಲಿ ಕರಗಿರುವ ಆಮ್ಲಜನಕದ ಕೊರತೆಯನ್ನು. ದಾವಣಗೆರೆಯ ನಮ್ಮ ಮನೆಯ ಹೊಂಡದಲ್ಲಿ ಒಂದು ಆಗಸ್ಟ್ ತಿಂಗಳು, ಮೂರು ದಿನ ಮೋಡ ಕವಿದಿದ್ದ ಮೇಲೆ, ಇದನ್ನು ಕಣ್ಣಾರೆ ಕಂಡೆ. ನೀರು ಪಾಲಕ್ ರುಬ್ಬಿ ಕದಡಿದಂತೆ ಹಸಿರಾಗಿತ್ತು. ಬೆಳಗಿನ ಐದೂವರೆಗೆ ಕಾಟ್ಲಾ ಮೀನುಗಳು ಮೇಲಕ್ಕೆ ಬಂದು ಬಾಯನ್ನು ದುಂಡಗೆ ತೆರೆದು ಮುಚ್ಚುತ್ತಿದ್ದವು. ಒಂದೊಂದು ಉಸಿರಿಗೂ ಕಿವಿರಿನ ಮುಚ್ಚಳ ಪೂರ್ತಿ ಎದ್ದು ಬೀಳುತ್ತಿತ್ತು. ಹೊತ್ತು ಮೂಡುವಷ್ಟರಲ್ಲಿ ಮೊಳದುದ್ದದ ಎರಡು ಮೀನುಗಳು ಸತ್ತಿದ್ದವು, ಬೆರಳುದ್ದದ ಮರಿಗಳು ಮಾತ್ರ ಮೂಲೆಯಲ್ಲಿ ಓಡಾಡಿಕೊಂಡಿದ್ದವು. ಪಾಚಿಯು ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಆದ್ದರಿಂದ ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಅದರ ಪ್ರಮಾಣ ತೀರ ಕೆಳಗಿಳಿದಿರುತ್ತದೆ, ಮೋಡದ ದಿನಗಳ ನಂತರವಂತೂ ಇನ್ನಷ್ಟು. 30 ಡಿಗ್ರಿ ಸೆಲ್ಸಿಯಸ್‌ನ ನೀರು ಗಾಳಿಯಿಂದ ಹೀರಿ ಹಿಡಿದಿಡಬಲ್ಲದ್ದೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ, ಅದು 3ಕ್ಕಿಂತ ಕೆಳಗಿಳಿದರೆ ಕಾಟ್ಲಾ, ರೋಹುಗಳಿಗೆ ಉಸಿರು ಕಟ್ಟತೊಡಗುತ್ತದೆ. ದೊಡ್ಡ ಮೀನುಗಳು ಮೊದಲು ಸತ್ತು, ಸಾವು ಬೆಳಗಿನ ಜಾವದಲ್ಲಿ ಆಗಿ, ಮೇಲೆ ಬಂದು ಗಾಳಿ ಕುಡಿಯುವ ಕೊರವ ಮೀನು ಬದುಕಿದ್ದರೆ ಕಾರಣ ಬಹುಮಟ್ಟಿಗೆ ಇದೇ ಎಂದು ತಿಳಿಯಬಹುದು. ಪಾಚಿ ಎಷ್ಟು ದಟ್ಟವಾಗಿದೆ ಎಂದು ತಿಳಿಯಲು ಕೈಯನ್ನು ನೇರವಾಗಿ ನೀರಿಗಿಳಿಸಿ. ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಾದರೆ ಅದು ಮಿತಿ ಮೀರಿದೆ.

ಚಿಕ್ಕವು ದೊಡ್ಡವು ಎನ್ನದೆ ಎಲ್ಲ ಮೀನುಗಳೂ ಒಟ್ಟಿಗೆ, ಅದರಲ್ಲಿಯೂ ಹಗಲು ಹೊತ್ತಿನಲ್ಲಿ ಸತ್ತು, ಜೊತೆಗೆ ಗೊದಮೊಟ್ಟೆ ಹಾಗೂ ನೀರಿನ ಹುಳುಗಳೂ ಸತ್ತಿದ್ದರೆ ವಿಷದ ಕಡೆಗೆ ನೋಡಬೇಕು. ಭದ್ರಾ ನಾಲೆಯ ಭತ್ತದ ಗದ್ದೆಗಳ ನಡುವೆ, ಚಳ್ಳಕೆರೆ ಸೀಮೆಯ ಈರುಳ್ಳಿ ಹೊಲಗಳ ಮಗ್ಗುಲಲ್ಲಿ ಮನೆಯಿರುವವರು ಇದನ್ನು ಮರೆಯಲಾಗದು. ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕಗಳು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಬೆರೆತರೂ ಮೀನುಗಳನ್ನು ಕೊಲ್ಲಬಲ್ಲವು. ಗಾಳಿಯಲ್ಲಿ ತೂರಿ ಬಂದ ತುಂತುರು, ಹೊಂಡದ ಬಳಿಯ ನಲ್ಲಿಯಲ್ಲಿ ತೊಳೆದ ಔಷಧಿ ಪಂಪು, ಸೊಳ್ಳೆಗೆಂದು ಹೊಡೆದ ಔಷಧಿ ಇವೆಲ್ಲವನ್ನೂ ವಿಚಾರಿಸಿ. ಸಾಯುವ ಮುನ್ನ ಮೀನುಗಳು ಗಿರಕಿ ಹೊಡೆದದ್ದನ್ನು ಅಥವಾ ಚಂಗನೆ ನೆಗೆದದ್ದನ್ನು ಯಾರಾದರೂ ಕಂಡಿದ್ದರೆ ಅದನ್ನೂ ಬರೆದಿಡಿ.

ಮುಂದಿನ ಪ್ರಶ್ನೆ, ಹೊಸದಾಗಿ ಬಿಟ್ಟ ನೀರು ಯಾವುದು ಎಂಬುದು. ನಗರದ ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಆ ನೀರನ್ನು ತೆರೆದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟು ಬಳಸಬೇಕು. ಚಿತ್ರದುರ್ಗದ ಕಡೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಆಮ್ಲಜನಕ ತೀರ ಕಡಿಮೆ ಇರುವುದುಂಟು, ಆದುದರಿಂದ ಪೈಪನ್ನು ನೀರಿನೊಳಗೆ ಮುಳುಗಿಸದೆ ಎತ್ತರದಿಂದ ಚಿಮ್ಮಿಸಿ ಬಿಡಬೇಕು. ಹೊಸ ಸಿಮೆಂಟ್ ತೊಟ್ಟಿಯಾದರೆ ಅದರಿಂದ ಒಸರುವ ಸುಣ್ಣವು ಪಿಎಚ್ ಅನ್ನು, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆಯನ್ನು, ಅಪಾಯದ ಮಟ್ಟಕ್ಕೆ ಏರಿಸುತ್ತದೆ. ಪಿಎಚ್ ಕಾಗದದಿಂದ ಇದು ಕ್ಷಣದಲ್ಲಿ ತಿಳಿಯುತ್ತದೆ.

ಆ ಕಾಗದ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಮೀನುಗಳಿಗೆ ಅಕ್ಕಿ ತೌಡು, ಹಿಂಡಿಯನ್ನು ಅತಿಯಾಗಿ ಹಾಕಿದಾಗ ಅಮೋನಿಯ ಕೂಡಿಕೊಳ್ಳುತ್ತದೆ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಅದರಲ್ಲಿ ಶೇಕಡ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 9 ಆದರೆ ಅದು ಸುಮಾರು ಶೇಕಡ 45ಕ್ಕೆ ಏರುತ್ತದೆ. ಹಸಿರು ನೀರಿನ ಪಿಎಚ್ ಮಧ್ಯಾಹ್ನದ ನಂತರ ಏರುವುದರಿಂದ, ಸಂಜೆಯ ಹೊತ್ತಿಗೆ ಸತ್ತ ಮೀನುಗಳ ಬಗ್ಗೆ ವಿಚಾರಿಸುವಾಗ ಮಧ್ಯಾಹ್ನದ ಪಿಎಚ್ ಅನ್ನೇ ಅಳೆಯಬೇಕು, ಬೆಳಗಿನದನ್ನಲ್ಲ. ರೋಗದಿಂದ ಆಗುವ ಸಾವು ಸಾಮಾನ್ಯವಾಗಿ ದಿನಕ್ಕೆ ಒಂದೆರಡರಂತೆ ನಡೆಯುತ್ತದೆ, ಮೈಮೇಲೆ ಹುಣ್ಣು ಅಥವಾ ಹೇನು ಕಾಣಬಹುದು.

ಪರೀಕ್ಷೆ ಮಾಡಿಸುವುದಾದರೆ ಸತ್ತು ಗಂಟೆಗಳಾದ ಮೀನಿಗಿಂತ ಇನ್ನೂ ಒದ್ದಾಡುತ್ತಿರುವ ಮೀನು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದನ್ನು ಚೀಲದಲ್ಲಿಟ್ಟು ಮಂಜುಗಡ್ಡೆಯ ಮೇಲಿಡಿ. ಹೊಂಡದ ನೀರನ್ನು ಶುಚಿಯಾದ ಗಾಜಿನ ಸೀಸೆಯಲ್ಲಿ ಕಂಠದವರೆಗೆ ತುಂಬಿ, ದಿನಾಂಕ ಹಾಗೂ ಹೊತ್ತನ್ನು ಬರೆದು ನೆರಳಿನಲ್ಲಿಡಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ, ಇಲ್ಲವೇ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರದಲ್ಲಿ ಯಾವ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಮೊದಲೇ ಕೇಳಿಕೊಳ್ಳಿ. ಸತ್ತ ಮೀನುಗಳನ್ನು ತಿನ್ನಬೇಡಿ, ನಾಯಿಗಳಿಗೂ ಹಾಕಬೇಡಿ. ಆಳವಾದ ಗುಂಡಿಯಲ್ಲಿ ಹೂಳಿ.

ಮಾದರಿ ತೆಗೆದಿಟ್ಟ ಮೇಲಷ್ಟೇ ಮೂರನೇ ಒಂದು ಭಾಗ ನೀರನ್ನು ಬದಲಿಸಿ, ಉಳಿದ ಮೀನುಗಳಿಗೆ ಎರಡು ದಿನ ಆಹಾರ ನಿಲ್ಲಿಸಿ. ಮತ್ತೆ ಮರಿ ಬಿಡುವ ಮುನ್ನ ನಾಲ್ಕೈದು ಮರಿಗಳನ್ನು ಬಲೆಯ ಬುಟ್ಟಿಯಲ್ಲಿ ಆ ಹೊಂಡದಲ್ಲಿಯೇ ಎರಡು ರಾತ್ರಿ ಇಟ್ಟು, ಬೆಳಗಿನ ಜಾವ ಟಾರ್ಚ್ ಹಿಡಿದು ಹೋಗಿ ನೋಡಿ.